ಕರಾಟೆಗೆ ಮಾತು ಕೊಟ್ಟ ಒಕಿನಾವಾದ ಮಾಸ್ಟ್ರು

ನಮ್ಮ ಕರಾವಳಿಯ ಊರುಗಳಲ್ಲಿ ಸಂಜೆ ಹೊತ್ತಿಗೆ ಶಾಲೆಯ ಅಂಗಳದ ಪಕ್ಕ ಹಾದು ಹೋದರೆ ಇಚಿ, ನಿ, ಸಾನ್, ಶಿ ಎಂದು ಮಕ್ಕಳು ಒಟ್ಟಿಗೆ ಕೂಗುವುದು ಕೇಳುತ್ತದೆ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದ್ರಸದಲ್ಲಿ ಅರಬಿ ಕಲಿಯುವ ನಮ್ಮ ಮಕ್ಕಳ ಬಾಯಿಗೆ ಈಗ ಜಪಾನಿ ಭಾಷೆಯೂ ಬಂದು ಸೇರಿದೆ. ಟೂರ್ನಮೆಂಟ್ ಮುಗಿದ ಮರುದಿನ ವಾಟ್ಸ್ಯಾಪ್ ಗ್ರೂಪುಗಳ ತುಂಬ ಫೋಟೊಗಳೇ. ಒಬ್ಬನಿಗೆ ಕಟಾದಲ್ಲಿ ಚಿನ್ನ, ಇನ್ನೊಬ್ಬಳಿಗೆ ಕುಮಿಟೆಯಲ್ಲಿ ಬೆಳ್ಳಿ. ಆದರೆ ಈ ಕಟಾ ಅಂದರೆ ಎಂಥದು, ಕುಮಿಟೆ ಅಂದರೆ ಎಂಥದು ಎಂದು ಕೇಳಿದರೆ ಹೆತ್ತವರ ಮಾತು ಬಿಡಿ, ಪದಕ ಗೆದ್ದ ಎಷ್ಟೋ ಮಕ್ಕಳಿಗೂ ಸರಿಯಾಗಿ ಹೇಳಲು ಬರುವುದಿಲ್ಲ.

ಈ ಮಾತುಗಳ ಹಿಂದೆ ಒಬ್ಬ ಮನುಷ್ಯನ ಬದುಕು ಉಂಟು. ಅವರ ಹೆಸರು ಗಿಚಿನ್ ಫುನಾಕೋಶಿ. ಆಧುನಿಕ ಕರಾಟೆಯ ಪಿತಾಮಹ ಎಂದು ಜಗತ್ತು ಅವರನ್ನು ಕರೆಯುತ್ತದೆ. ಅನೇಕ ಕರಾಟೆ ಕ್ಲಾಸುಗಳ ಗೋಡೆಯ ಮೇಲೆ ತೂಗುವ ಕಪ್ಪುಬಿಳುಪು ಚಿತ್ರದ ಆ ಮುದುಕರು ಇವರೇ. ವೃತ್ತಿಯಲ್ಲಿ ಅವರು ಪ್ರಾಥಮಿಕ ಶಾಲೆಯ ಮಾಸ್ಟ್ರು. ಮನೆಮಾತು ಜಪಾನಿ ಅಲ್ಲ. ಸಣ್ಣ ದ್ವೀಪವೊಂದರ ಸಣ್ಣ ಭಾಷೆಯ ಜನರ ನಡುವೆ ಹುಟ್ಟಿ, ತಮ್ಮವರ ವಿದ್ಯೆಯನ್ನು ದೊಡ್ಡ ಪಟ್ಟಣಕ್ಕೆ ಕೊಂಡುಹೋಗಿ, ಅಲ್ಲಿ ಅದಕ್ಕೆ ಹೊಸ ಹೆಸರು ಇಟ್ಟವರು. ಆ ಹೆಸರಿಗಾಗಿ ತಮ್ಮವರಿಂದಲೇ ಬೈಗಳು ತಿಂದವರು. ನಮ್ಮಂತಹ ಸಣ್ಣ ಭಾಷೆಯವರು ಈ ಕತೆಯನ್ನು ತಿಳಿದಿರಲೇಬೇಕು.

ರಾಜ್ಯ ಹೋದ ದ್ವೀಪ

ಒಕಿನಾವಾ ಇಂದು ಜಪಾನಿನ ಒಂದು ಪ್ರಾಂತ. ಆದರೆ ಫುನಾಕೋಶಿ ಅಲ್ಲಿನ ಶುರಿ ಪಟ್ಟಣದಲ್ಲಿ 1868ರ ನವೆಂಬರ್ 10ರಂದು ಹುಟ್ಟಿದಾಗ ಅದಕ್ಕೆ ರ್‍ಯುಕ್ಯು ಎಂಬ ಹೆಸರಿತ್ತು, ಸ್ವಂತ ರಾಜನಿದ್ದ. ಚೀನಾ, ಜಪಾನ್ ಮತ್ತು ಆಗ್ನೇಯ ಏಷ್ಯಾದ ಬಂದರುಗಳ ನಡುವೆ ಹಡಗು ಓಡಿಸಿ ವ್ಯಾಪಾರ ಮಾಡಿದ ಜನ ಅವರು. ಬ್ಯಾರ, ಅಂದರೆ ವ್ಯಾಪಾರ ಎಂಬ ಮಾತಿನಿಂದಲೇ ನಮ್ಮ ಹೆಸರು ಬಂತು ಎಂದು ಹೇಳುವ ನಮಗೆ ಅಂತಹ ಜನರ ಪರಿಚಯ ಕಷ್ಟವಲ್ಲ. ಹಡಗುಗಳ ಜೊತೆ ಸರಕು ಬಂತು, ಸರಕಿನ ಜೊತೆ ಚೀನಾದ ಕೈವರಸೆಯೂ ಬಂತು. ದ್ವೀಪದಲ್ಲಿ ಮೊದಲೇ ಇದ್ದ ಬರಿಗೈ ಹೊಡೆದಾಟದ ಕಲೆಗೆ ಅದು ಸೇರಿತು. ಈ ಬೆರಕೆಯ ವಿದ್ಯೆಯನ್ನು ಅಲ್ಲಿನವರು ತೂದಿ ಎಂದು ಕರೆದರು. ತೂ ಅಂದರೆ ಚೀನಾ, ದಿ ಅಂದರೆ ಕೈ. ಚೀನಾದ ಕೈ ಎಂದು ಅರ್ಥ.

1879ರಲ್ಲಿ ಜಪಾನ್ ಸರಕಾರ ಆ ರಾಜ್ಯವನ್ನು ಪೂರ್ತಿ ತನ್ನೊಳಗೆ ಸೇರಿಸಿಕೊಂಡಿತು. ರಾಜನನ್ನು ಟೋಕಿಯೊಗೆ ಕರೆದುಕೊಂಡು ಹೋದರು. ಫುನಾಕೋಶಿಗೆ ಆಗ 10 ವರ್ಷ. ಕೆಳದರ್ಜೆಯ ಕುಲೀನ ಮನೆತನದ ಹುಡುಗ. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ಬಲು ಸಪೂರ ದೇಹ. ಹೆಚ್ಚು ದಿನ ಬದುಕುವುದಿಲ್ಲ ಎಂದೇ ಮನೆಯವರು ಅಂದುಕೊಂಡಿದ್ದರು. ತಾಯಿಯ ಅಪ್ಪ ಅಮ್ಮ ಅವನನ್ನು ಸಾಕಿದರು.

ಹೊಸ ಸರಕಾರ ಬಂದ ಮೇಲೆ ದ್ವೀಪದ ಮನೆಮನೆಯಲ್ಲಿ ಒಂದು ಜಗಳ ಶುರುವಾಯಿತು. ಅದು ಜುಟ್ಟಿನ ಜಗಳ. ಗಂಡಸರು ತಲೆಯ ಮೇಲೆ ಜುಟ್ಟು ಕಟ್ಟುವುದು ಅಲ್ಲಿನ ಮಾನದ ಗುರುತು. ಹೊಸ ಕಾಲದವರು ಜುಟ್ಟು ಕತ್ತರಿಸಿ ಎಂದರು, ಹಳೆಯವರು ಪ್ರಾಣ ಹೋದರೂ ಇಲ್ಲ ಎಂದರು. ಫುನಾಕೋಶಿ ವೈದ್ಯನಾಗಬೇಕೆಂದು ಟೋಕಿಯೊದ ವೈದ್ಯಕೀಯ ಶಾಲೆಯ ಪರೀಕ್ಷೆ ಬರೆದು ಪಾಸಾದರು. ಆದರೆ ಜುಟ್ಟಿದ್ದವರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಜುಟ್ಟು ತೆಗೆಯಲು ಮನೆಯಲ್ಲಿ ಒಪ್ಪಿಗೆ ಇರಲಿಲ್ಲ. ಡಾಕ್ಟರ್ ಆಗುವ ಕನಸು ಒಂದು ಹಿಡಿ ಕೂದಲಿಗೆ ಸಿಕ್ಕಿ ಅಲ್ಲೇ ಮುಗಿಯಿತು.

1888ರಲ್ಲಿ ಅವರು ಸಹಾಯಕ ಶಿಕ್ಷಕರಾಗಿ ಸೇರಿದರು. ಸರಕಾರಿ ಮಾಸ್ಟ್ರಿಗೂ ಜುಟ್ಟು ಕೂಡದು ಎಂಬ ನಿಯಮ. ಈ ಸಲ ಅವರು ಕತ್ತರಿಸಿಯೇ ಬಿಟ್ಟರು. ಮನೆಗೆ ಬಂದಾಗ ಅಪ್ಪ ಕೆಂಡವಾದರು. ತಾಯಿ ಮಾತೇ ಆಡದೆ ಹಿಂಬಾಗಿಲಿನಿಂದ ಹೊರಟು ತವರಿಗೆ ನಡೆದರು. ಹಿರಿಯರ ಗೌರವ ಒಂದು ಕಡೆ, ಮುಂದಿನ ದಾರಿ ಇನ್ನೊಂದು ಕಡೆ. ಇಂತಹ ಇಕ್ಕಟ್ಟು ಅವರ ಬದುಕಿನಲ್ಲಿ ಮತ್ತೆ ಮತ್ತೆ ಬಂತು.

ಕಂದೀಲಿನ ಬೆಳಕಿನ ಪಾಠ

ಶಾಲೆಯಲ್ಲಿ ಅವರ ಗೆಳೆಯನೊಬ್ಬನಿದ್ದ. ಆ ಗೆಳೆಯನ ತಂದೆ ಆಂಕೋ ಅಸಾಟೊ, ದ್ವೀಪದಲ್ಲೇ ಹೆಸರಾದ ಕೈವರಸೆಯ ಗುರು. ಆ ಕಾಲದಲ್ಲಿ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಸುವ ರೂಢಿ ಇರಲಿಲ್ಲ. ಹಗಲು ಮಕ್ಕಳಿಗೆ ಪಾಠ ಹೇಳಿ, ರಾತ್ರಿ ಮಂಕು ಕಂದೀಲು ಹಿಡಿದು ಫುನಾಕೋಶಿ ಗುರುವಿನ ಮನೆಗೆ ನಡೆಯುತ್ತಿದ್ದರು. ಹಿತ್ತಲಲ್ಲಿ ಅಭ್ಯಾಸ, ಜಗಲಿಯಲ್ಲಿ ಕುಳಿತು ಗುರುವಿನ ನೋಟ. ಒಂದೇ ಕಟಾವನ್ನು ತಿಂಗಳುಗಟ್ಟಲೆ ಮಾಡಬೇಕು. ಗುರುವಿಗೆ ಪೂರ್ತಿ ತೃಪ್ತಿ ಆಗುವವರೆಗೆ ಮುಂದಿನದು ಇಲ್ಲ. ಬೆಳಗಿನ ಜಾವ ಮನೆಗೆ ಮರಳುವ ಈ ಹುಡುಗ ಕೆಟ್ಟ ಕೇರಿಗೆ ಹೋಗಿ ಬರುತ್ತಾನೆ ಎಂದು ನೆರೆಕರೆಯವರು ಸಂಶಯ ಪಟ್ಟರಂತೆ.

ಕಟಾ ಎಂಬ ಮಾತು ಇಲ್ಲಿ ಅರ್ಥವಾಗಬೇಕು. ಅದರ ಅರ್ಥ ಅಚ್ಚು, ಮಾದರಿ. ಎದುರಾಳಿ ಎದುರಿಗಿದ್ದಾನೆ ಎಂದುಕೊಂಡು ಒಬ್ಬನೇ ಮಾಡುವ, ಕ್ರಮ ತಪ್ಪದ ಚಲನೆಗಳ ಸಾಲು ಅದು. ಬರೆದಿಡುವ ರೂಢಿ ಇಲ್ಲದ ವಿದ್ಯೆಗೆ ಕಟಾವೇ ಪುಸ್ತಕ. ಬಾಯಿಪಾಠದಿಂದಲೇ ಉಳಿದು ಬಂದ ನಮ್ಮ ಬ್ಯಾರಿ ಪಾಟ್‌ಗಳ ಹಾಗೆ ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಅದು ದಾಟಿ ಬಂದಿದೆ.

ಅಸಾಟೊ ಅವರ ಗೆಳೆಯ ಆಂಕೋ ಇಟೋಸು ಫುನಾಕೋಶಿಯ ಎರಡನೇ ಗುರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಟೋಸು ಒಂದು ದೊಡ್ಡ ಹೆಜ್ಜೆ ಇಟ್ಟರು. ಗುಟ್ಟಿನ ವಿದ್ಯೆಯನ್ನು ಒಕಿನಾವಾದ ಶಾಲೆಗಳೊಳಗೆ ತಂದರು. ಮಕ್ಕಳಿಗೆ ಸುಲಭವಾಗಲೆಂದು ಪಿನಾನ್ ಎಂಬ ಐದು ಕಟಾಗಳನ್ನು ರೂಪಿಸಿದರು. ಹಿತ್ತಲಿನ ವಿದ್ಯೆ ಸಾಲಾಗಿ ನಿಂತ ಮಕ್ಕಳ ಕವಾಯತು ಆಯಿತು. ಇಂದು ನಮ್ಮ ಮಕ್ಕಳು ಸಾಲಾಗಿ ನಿಂತು ಎಣಿಸುತ್ತಾ ಗುದ್ದು ಹಾಕುವ ಕ್ರಮದ ಬೇರು ಆ ಶಾಲೆಯ ಅಂಗಳಗಳಲ್ಲಿದೆ.

ಅದೇ ಕಾಲದ ಒಕಿನಾವಾದ ಶಾಲೆಗಳಲ್ಲಿ ಇನ್ನೊಂದು ಪದ್ಧತಿಯೂ ಶುರುವಾಗಿತ್ತು. ದ್ವೀಪದ ಭಾಷೆ ಆಡಿದ ಮಗುವಿನ ಕುತ್ತಿಗೆಗೆ ಒಂದು ಮರದ ಹಲಗೆ ತೂಗುಹಾಕುತ್ತಿದ್ದರು. ಇನ್ನೊಂದು ಮಗು ಅದೇ ತಪ್ಪು ಮಾಡಿ ಸಿಕ್ಕಿಬೀಳುವವರೆಗೆ ಹಲಗೆ ಇಳಿಯುವುದಿಲ್ಲ. ಶಾಲೆಯಲ್ಲಿ ಮನೆಮಾತು ಆಡಿದರೆ ನಾಚಿಕೆ ಪಡಬೇಕಾಗಿತ್ತು. ಆಂಧ್ರದ ರಾಯದುರ್ಗದ ಕಡೆ ಕಣೇಕಲ್ಲಿನಂತಹ ಗಡಿ ಊರಿನ ಕನ್ನಡದ ಮನೆಯವರಿಗೂ, ಕಾಸರಗೋಡಿನವರಿಗೂ, ಬ್ಯಾರಿ ಮಾತಾಡಿ ಪೇಟೆಯಲ್ಲಿ ನಗೆಗೀಡಾದ ನಮ್ಮ ಹಿರಿಯರಿಗೂ ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಆಗುವುದರ ಸಂಕಟ ಗೊತ್ತುಂಟು. ಫುನಾಕೋಶಿ ಸುಮಾರು 30 ವರ್ಷ ಮಾಸ್ಟ್ರಾಗಿ ದುಡಿದದ್ದು ಇಂತಹ ವ್ಯವಸ್ಥೆಯೊಳಗೆ. ದೂರದ ದ್ವೀಪಗಳಿಗೆ ಬಡ್ತಿಯ ಮೇಲೆ ಹೋಗುವ ಅವಕಾಶ ಬಂದಾಗ, ಗುರುಗಳನ್ನು ಬಿಟ್ಟಿರಲಾರೆ ಎಂದು ಹೋಗಲಿಲ್ಲ.

53ನೇ ವಯಸ್ಸಿನಲ್ಲಿ ಹೊಸ ಊರು

1921ರ ಮಾರ್ಚ್‌ನಲ್ಲಿ ಯುರೋಪಿಗೆ ಹೊರಟ ಯುವರಾಜ ಹಿರೊಹಿಟೊ ದಾರಿಯಲ್ಲಿ ಒಕಿನಾವಾಕ್ಕೆ ಬಂದರು. ಶುರಿ ಅರಮನೆಯಲ್ಲಿ ಅವರ ಮುಂದೆ ಕೈವರಸೆಯ ಪ್ರದರ್ಶನ ನಡೆಸಿದ್ದು ಫುನಾಕೋಶಿಯ ನೇತೃತ್ವದಲ್ಲಿ. ಮರುವರ್ಷ, 1922ರ ಮೇ ತಿಂಗಳಲ್ಲಿ, ಶಿಕ್ಷಣ ಇಲಾಖೆ ಟೋಕಿಯೊದಲ್ಲಿ ಏರ್ಪಡಿಸಿದ ವ್ಯಾಯಾಮ ಪ್ರದರ್ಶನಕ್ಕೆ ಒಕಿನಾವಾದ ಪರವಾಗಿ ಅವರನ್ನು ಕಳುಹಿಸಿದರು. ಅವರಿಗೆ ಆಗ 53 ವರ್ಷ. ನಮ್ಮಲ್ಲಾದರೆ ಇನ್ನು ಸಾಕು ಎಂದು ವಿಶ್ರಾಂತಿಯ ಲೆಕ್ಕ ಹಾಕುವ ಪ್ರಾಯ.

ಪ್ರದರ್ಶನ ಮುಗಿಸಿ ಊರಿಗೆ ಮರಳುವ ಯೋಚನೆಯಲ್ಲಿದ್ದಾಗ ಜೂಡೋವನ್ನು ಕಟ್ಟಿ ಬೆಳೆಸಿದ ಜಿಗೊರೊ ಕಾನೊ ತಮ್ಮ ಕೊಡೊಕಾನ್ ಶಾಲೆಗೆ ಕರೆದು ಕಟಾ ಮಾಡಿ ತೋರಿಸಲು ಕೇಳಿದರು. ಚಿತ್ರಕಾರ ಹೋಅನ್ ಕೊಸುಗಿ ತನಗೂ ಕಲಿಸಿ ಎಂದು ದುಂಬಾಲು ಬಿದ್ದರು. ಇನ್ನು ಕೆಲವು ದಿನ, ಇನ್ನು ಕೆಲವು ದಿನ ಎಂದು ಉಳಿದವರು ಟೋಕಿಯೊದವರೇ ಆದರು. ಹೆಂಡತಿ ಮಾತ್ರ ಬರಲಿಲ್ಲ. ಮನೆತನದ ಹಿರಿಯರ ಸಮಾಧಿ ನೋಡಿಕೊಳ್ಳುವ, ಪೂರ್ವಿಕರಿಗೆ ಸಲ್ಲಿಸುವ ಕರ್ತವ್ಯಗಳನ್ನು ಬಿಟ್ಟು ಬರಲಾಗದು ಎಂದು ಆಕೆ ದ್ವೀಪದಲ್ಲೇ ಉಳಿದರು. ಬಟ್ಟೆ ನೇಯ್ದು ಸಂಸಾರ ಸಾಗಿಸಿದ್ದ ಹೆಂಗಸು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ. ಗಲ್ಫ್ ಕಂಡ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೋಕಿಯೊದಲ್ಲಿ ಒಕಿನಾವಾದ ವಿದ್ಯಾರ್ಥಿಗಳಿಗಾಗಿ ಮೇಸೆಯ್ ಜುಕು ಎಂಬ ಹಾಸ್ಟೆಲ್ ಇತ್ತು. ಊರವರು ಪರ ಊರಲ್ಲಿ ಒಟ್ಟಾಗುವ ಜಾಗ. ಬಾಗಿಲ ಪಕ್ಕದ ಒಂದು ಸಣ್ಣ ಕೋಣೆ ಫುನಾಕೋಶಿಗೆ ಸಿಕ್ಕಿತು. ಅದಕ್ಕೆ ಬದಲಾಗಿ ಹಗಲು ಅಂಗಳ ಗುಡಿಸುವುದು, ಕೋಣೆ ಒರೆಸುವುದು, ಗಿಡ ನೋಡಿಕೊಳ್ಳುವುದು ಅವರ ಕೆಲಸ. ಸಂಜೆ ಅಲ್ಲಿನ ಹಾಲ್‌ನಲ್ಲೇ ಕರಾಟೆ ಪಾಠ. ಮೊದಮೊದಲು ಬಂದ ಶಿಷ್ಯರು ಬೆರಳೆಣಿಕೆ. ಕೈಯಲ್ಲಿ ಕಾಸಿಲ್ಲ. ಅಡುಗೆಯವನಿಗೆ ಕರಾಟೆ ಹೇಳಿಕೊಟ್ಟು ಊಟದ ಲೆಕ್ಕದಲ್ಲಿ ರಿಯಾಯಿತಿ ಪಡೆದರು. ಹಳೆಯ ಟೋಪಿ, ಊರಿನಿಂದ ತಂದ ಕೈನೇಯ್ಗೆಯ ಕಿಮೊನೊ ಒತ್ತೆ ಇಡಲು ಹೋದಾಗ ಅಂಗಡಿಯವ ಅದರ ಬೆಲೆಗಿಂತ ಹೆಚ್ಚು ಹಣ ಕೊಟ್ಟ. ಅಲ್ಲಿನ ಕೆಲಸಗಾರನ ಮನೆಯ ಹುಡುಗನೊಬ್ಬ ಅವರ ಶಿಷ್ಯನಾಗಿದ್ದ ಎಂಬುದು ಅವರಿಗೆ ಗೊತ್ತಾದದ್ದು ಆಮೇಲೆ.

ಅವರ ಮೊದಲ ಪುಸ್ತಕ 1922ರಲ್ಲಿ ಬಂತು. ಮರುವರ್ಷ ಸೆಪ್ಟೆಂಬರ್ 1ರ ಮಹಾ ಭೂಕಂಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಅವರ ಶಿಷ್ಯರಲ್ಲೂ ಕೆಲವರು ಹೋದರು. ಪುಸ್ತಕದ ಅಚ್ಚಿನ ಫಲಕಗಳು ನಾಶವಾದವು. ಅವರು ಮತ್ತೆ ಬರೆದರು. 1924ರಲ್ಲಿ ಕೆಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಕ್ಲಬ್ ಶುರುವಾಯಿತು. ಅಲ್ಲಿಂದ ಮುಂದೆ ಒಂದೊಂದೇ ಕಾಲೇಜು ಸೇರಿಕೊಂಡಿತು.

ಬಿಳಿ ಬಟ್ಟೆ, ಬಣ್ಣದ ಬೆಲ್ಟು ಮೊದಲಿಂದಲೂ ಕರಾಟೆಯದ್ದೇ ಎಂದು ನಾವು ತಿಳಿದಿದ್ದೇವೆ. ಒಕಿನಾವಾದ ಹಿತ್ತಲಲ್ಲಿ ಇವು ಯಾವುದೂ ಇರಲಿಲ್ಲ. ಫುನಾಕೋಶಿ ಇವನ್ನು ಕಾನೊ ಅವರ ಜೂಡೋದಿಂದ ತೆಗೆದುಕೊಂಡರು. ಬಟ್ಟೆಗೆ ಗಿ, ನಡುಪಟ್ಟಿಗೆ ಒಬಿ, ಕೆಳಗಿನ ದರ್ಜೆಗೆ ಕ್ಯು, ಕಪ್ಪು ಬೆಲ್ಟಿನ ಮೆಟ್ಟಿಲಿಗೆ ಡಾನ್ ಎಂಬ ಹೆಸರುಗಳೂ ಹಾಗೆ ಬಂದವು. 1924ರ ಏಪ್ರಿಲ್‌ನಲ್ಲಿ ಅವರು ಮೊದಲ ಸಲ ಡಾನ್ ದರ್ಜೆ ಕೊಟ್ಟರು. ಇಂದು ಮಗುವಿನ ಬೆಲ್ಟ್ ಪರೀಕ್ಷೆಗೆ ಫೀಸು ಕಟ್ಟುವ ಪ್ರತಿ ತಂದೆಯೂ ಅಂದು ಶುರುವಾದ ಪದ್ಧತಿಯೊಳಗೆ ಇದ್ದಾನೆ.

ಒಂದು ಅಕ್ಷರದ ಜಗಳ

ಈಗ ಹೆಸರಿನ ವಿಷಯಕ್ಕೆ ಬರೋಣ. ಜಪಾನಿನವರು ಬರೆಯುವ ಚೀನಾ ಮೂಲದ ಅಕ್ಷರಗಳಲ್ಲಿ ಒಂದೊಂದಕ್ಕೂ ಒಂದೊಂದು ಅರ್ಥ. ಉಚ್ಚಾರ ಒಂದೇ ಇದ್ದರೂ ಅಕ್ಷರ ಬದಲಾದರೆ ಅರ್ಥ ಬದಲಾಗುತ್ತದೆ. ತೂದಿ ಎಂದು ಒಕಿನಾವಾದವರು ಓದುವ ಎರಡು ಅಕ್ಷರಗಳನ್ನೇ ಜಪಾನಿಯಲ್ಲಿ ಕರಾಟೆ ಎಂದೂ ಓದಬಹುದು. ಅದರ ಮೊದಲ ಅಕ್ಷರ ಚೀನಾವನ್ನು ಸೂಚಿಸುವಂಥದ್ದು. ಅದನ್ನು ತೆಗೆದು ಅದೇ ಉಚ್ಚಾರದ, ಖಾಲಿ ಎಂಬ ಅರ್ಥದ ಇನ್ನೊಂದು ಅಕ್ಷರ ಹಾಕಿದರೆ ಚೀನಾದ ಕೈ ಹೋಗಿ ಬರಿಗೈ ಆಗುತ್ತದೆ. ಒಕಿನಾವಾದ ಚೊಮೊ ಹನಾಶಿರೊ ಎಂಬ ಗುರು 1905ರಲ್ಲೇ ಈ ಅಕ್ಷರ ಬಳಸಿದ್ದುಂಟು. ಆದರೆ ಅದನ್ನು ಹಟ ಹಿಡಿದು ಊರೆಲ್ಲ ಬಳಕೆಗೆ ತಂದವರು ಫುನಾಕೋಶಿ ಮತ್ತು ಅವರ ಕೆಯೊ ಶಿಷ್ಯರು.

ಅವರು ಕೊಟ್ಟ ಕಾರಣ ಎರಡು. ಆಯುಧವಿಲ್ಲದ ಕೈಯ ವಿದ್ಯೆಗೆ ಬರಿಗೈ ಎಂಬ ಹೆಸರೇ ಸರಿ ಎಂಬುದು ಒಂದು. ಸ್ವಾರ್ಥವನ್ನೂ ಕೆಟ್ಟ ಯೋಚನೆಯನ್ನೂ ಖಾಲಿ ಮಾಡಿಕೊಂಡ ಮನಸ್ಸು ಎಂಬುದು ಇನ್ನೊಂದು. ಈ ಎರಡನೆಯದಕ್ಕೆ ಅವರು ಬೌದ್ಧ ಚಿಂತನೆಯ ನೆರವನ್ನೂ ಪಡೆದರು. ಕಾಲದ ಒತ್ತಡವೂ ಇತ್ತು. 1931ರಲ್ಲಿ ಜಪಾನ್ ಮಂಚೂರಿಯಾಕ್ಕೆ ನುಗ್ಗಿತ್ತು. ಚೀನಾದ ಹೆಸರು ಹೊತ್ತ ವಿದ್ಯೆ ಆ ಕಾಲದ ಟೋಕಿಯೊದಲ್ಲಿ ತಲೆ ಎತ್ತಿ ನಡೆಯುವುದು ಸುಲಭವಿರಲಿಲ್ಲ.

ಕಟಾಗಳ ಹೆಸರನ್ನೂ ಬದಲಿಸಿದರು. ಪಿನಾನ್ ಎಂಬುದು ಹೇಯಾನ್ ಆಯಿತು, ಅಂದರೆ ಶಾಂತಿ ಸಮಾಧಾನ. ನೈಹಾಂಚಿ ಎಂಬುದು ಟೆಕ್ಕಿ, ಅಂದರೆ ಕಬ್ಬಿಣದ ಕುದುರೆ. ಚೀನಾದ ರಾಯಭಾರಿಯೊಬ್ಬನ ಹೆಸರಿನ ಕುಶಾಂಕು ಎಂಬುದು ಕಾಂಕು, ಅಂದರೆ ಆಕಾಶ ನೋಡುವುದು. ಚಿಂಟೊ ಎಂಬುದು ಗಂಕಾಕು, ಬಂಡೆಯ ಮೇಲಿನ ಕೊಕ್ಕರೆ. ಹೆಸರು ಕೇಳಿದರೆ ಅರ್ಥ ತಿಳಿಯಬೇಕು ಎಂಬುದು ಮಾಸ್ಟ್ರ ಬುದ್ಧಿ. ನಮ್ಮ ಊರಲ್ಲೂ ಒಂದು ಕ್ಲಾಸಿನ ಹುಡುಗ ಹೇಯಾನ್ ಎನ್ನುತ್ತಾನೆ, ಪಕ್ಕದ ಕ್ಲಾಸಿನವ ಪಿನಾನ್ ಎನ್ನುತ್ತಾನೆ, ಇಬ್ಬರೂ ನಮ್ಮದೇ ಸರಿ ಎಂದು ವಾದ ಮಾಡುತ್ತಾರೆ. ಎರಡೂ ಒಂದೇ ಮರದ ಕೊಂಬೆ ಮಾರಾಯ್ರೆ. ಶೊಟೊಕಾನ್‌ನವರು ಫುನಾಕೋಶಿಯ ಹೊಸ ಹೆಸರು ಹಿಡಿದರು, ಶಿಟೊ ರ್‍ಯು ಮತ್ತು ವಾಡೊ ರ್‍ಯು ಪಂಥದವರು ಹಳೆಯ ಹೆಸರು ಉಳಿಸಿಕೊಂಡರು, ಅಷ್ಟೇ.

ಈ ಬದಲಾವಣೆಗೆ ದೊಡ್ಡ ಗದ್ದಲ ಎದ್ದಿತು. ಟೋಕಿಯೊದಲ್ಲಿ ಟೀಕೆ, ಒಕಿನಾವಾದಲ್ಲಿ ಇನ್ನೂ ಜಾಸ್ತಿ. ಹಿರಿಯರು ಇಟ್ಟ ಹೆಸರು ಅಳಿಸಲು ನೀನು ಯಾರು ಎಂಬ ಸಿಟ್ಟು ಅದು. ಆ ಸಿಟ್ಟಿನಲ್ಲೂ ನ್ಯಾಯ ಉಂಟು ಎನ್ನಲೇಬೇಕು. ಮನೆಮಾತು ಆಡಿದ ಮಕ್ಕಳ ಕುತ್ತಿಗೆಗೆ ಹಲಗೆ ಬೀಳುತ್ತಿದ್ದ ಊರಿನವರಿಗೆ, ತಮ್ಮ ಕೈಯಲ್ಲಿ ಉಳಿದಿದ್ದ ಒಂದು ಮಾತೂ ಟೋಕಿಯೊದ ಪಾಲಾಯಿತು ಎಂದು ಅನಿಸಿದರೆ ತಪ್ಪೇನು?

ಕೊನೆಗೆ ಊರವರು ಸೇರಿ ಮಾತಾಡಿದರು. 1936ರ ಅಕ್ಟೋಬರ್ 25ರಂದು ನಹಾ ಪಟ್ಟಣದಲ್ಲಿ ಸ್ಥಳೀಯ ಪತ್ರಿಕೆಯೊಂದರ ಆಶ್ರಯದಲ್ಲಿ ದ್ವೀಪದ ದೊಡ್ಡ ಗುರುಗಳ ಸಭೆ ಸೇರಿತು. ಹನಾಶಿರೊ, ಚೋಜುನ್ ಮಿಯಾಗಿ, ಚೋಟೊಕು ಕ್ಯಾನ್, ಚೋಕಿ ಮೊಟೊಬು ಮೊದಲಾದವರು ಬಂದಿದ್ದರು. ಫುನಾಕೋಶಿ ಟೋಕಿಯೊದಲ್ಲಿದ್ದರು. ಹಳೆಯ ಹೆಸರು ಜನರ ಬಾಯಲ್ಲಿ ಇನ್ನೂ ಉಂಟಲ್ಲ ಎಂಬ ಮಾತೂ ಅಲ್ಲಿ ಬಂತು. ಚರ್ಚೆಯಾಗಿ, ಬರಿಗೈ ಎಂಬ ಅರ್ಥದ ಅಕ್ಷರವನ್ನೇ ಬಳಸುವುದು ಎಂದು ಆಯಿತು. ಹೀಗೆ ಹೆಸರಿನ ತೀರ್ಮಾನ ಆದದ್ದು ಊರವರ ಸಭೆಯಲ್ಲಿ. ಒಕಿನಾವಾದ ವಿಧಾನಸಭೆ 2005ರಲ್ಲಿ ಅಕ್ಟೋಬರ್ 25ನ್ನು ಕರಾಟೆ ದಿನ ಎಂದು ಘೋಷಿಸಿತು. ಅಕ್ಟೋಬರ್ 3ನ್ನು ಬ್ಯಾರಿ ಭಾಷಾ ದಿನವಾಗಿ ಆಚರಿಸುವ ನಮಗೆ, ಒಂದು ಹೆಸರಿಗೆ ಒಂದು ದಿನ ಇಡುವುದರ ಬೆಲೆ ತಿಳಿಯದೆ ಇದ್ದೀತೇ?

ರೇ ಎಂದರೆ ಏನು?

ಫುನಾಕೋಶಿ ಶಿಷ್ಯರಿಗಾಗಿ 20 ನಿಯಮಗಳನ್ನು ಬರೆದಿಟ್ಟರು. ಮರ್ಯಾದೆಯಿಂದ ಶುರುವಾಗಿ ಮರ್ಯಾದೆಯಿಂದಲೇ ಮುಗಿಯಬೇಕು ಎಂಬುದು ಮೊದಲನೆಯದು. ಈ ಮರ್ಯಾದೆಗೆ ಜಪಾನಿಯಲ್ಲಿ ರೇ ಎನ್ನುತ್ತಾರೆ. ಪಾಠದ ಮೊದಲು, ಕೊನೆಗೆ ಮಕ್ಕಳು ತಲೆಬಾಗುವಾಗ ಕೇಳುವ ಮಾತು ಇದೇ. ಹಜಿಮೆ ಅಂದರೆ ಶುರು ಮಾಡಿ, ಯಮೆ ಅಂದರೆ ನಿಲ್ಲಿಸಿ. ಸೆನ್ಸಾಯ್ ಅಂದರೆ ನಮಗಿಂತ ಮೊದಲು ಹುಟ್ಟಿದವರು, ದಾರಿ ಕಂಡವರು. ಮೊದಲೇ ಸೇರಿದವ ಸೆಂಪಾಯ್, ಆಮೇಲೆ ಬಂದವ ಕೊಹಾಯ್. ಒಟ್ಟಾಗಿ ಅಭ್ಯಾಸ ಮಾಡುವ ಜಾಗ ಡೋಜೊ, ದಾರಿ ಕಲಿಯುವ ಜಾಗ ಎಂದು ಅರ್ಥ.

ನಮ್ಮ ಮನೆಗಳಲ್ಲಿ ರೇ ಬಗ್ಗೆ ಒಂದು ಪ್ರಶ್ನೆ ಏಳುವುದುಂಟು. ತಲೆಬಾಗುವುದು ನಮಗೆ ಸರಿಯೇ ಎಂದು ಉಮ್ಮ ಕೇಳುತ್ತಾರೆ. ಎದುರಾಳಿಗೂ ಕಲಿಸಿದವರಿಗೂ ತೋರಿಸುವ ಸೌಜನ್ಯ ಎಂಬ ಅರ್ಥದಲ್ಲೇ ಫುನಾಕೋಶಿ ಇದನ್ನು ವಿವರಿಸಿದರು. ಧರ್ಮದ ತೀರ್ಮಾನವನ್ನು ಬಲ್ಲವರು ಹೇಳಲಿ. ಹೆತ್ತವರು ಮಾಡಬಹುದಾದದ್ದು ಇಷ್ಟು, ಅನುಮಾನ ಇದ್ದರೆ ಮೊದಲ ದಿನವೇ ಮಾಸ್ಟ್ರ ಹತ್ತಿರ ಕುಳಿತು ಮಾತಾಡುವುದು. ಅರ್ಥ ತಿಳಿದು ಮಾಡುವುದಕ್ಕೂ, ಅರ್ಥ ತಿಳಿದು ಬೇರೆ ಕ್ರಮ ಕೇಳಿಕೊಳ್ಳುವುದಕ್ಕೂ ದಾರಿ ಇರುತ್ತದೆ. ಅರ್ಥವೇ ತಿಳಿಯದೆ ಮಾಡುವುದು ಮಾತ್ರ ಯಾರಿಗೂ ಒಳ್ಳೆಯದಲ್ಲ.

ಆ ನಿಯಮಗಳಲ್ಲಿ ಎರಡನೆಯದು ಇನ್ನೂ ಕಷ್ಟದ್ದು. ಕರಾಟೆ ಕಲಿತವನ ಕೈ ಮೊದಲು ಏಳಬಾರದು. ಇದನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಎಂಬುದಕ್ಕೆ ಒಂದು ಘಟನೆ ಸಾಕು. ಯುದ್ಧ ಮುಗಿದ ಹೊಸತರಲ್ಲಿ, ಸುಮಾರು 80ರ ಪ್ರಾಯದಲ್ಲಿ, ಒಂದು ರಾತ್ರಿ ಅವರು ಒಬ್ಬರೇ ಮನೆಗೆ ಹೋಗುತ್ತಿದ್ದಾಗ ದರೋಡೆಗಾರನೊಬ್ಬ ಮೇಲೆ ಬಿದ್ದ. ಮುದುಕರು ಬಗ್ಗಿ ತಪ್ಪಿಸಿಕೊಂಡು ಅವನ ಮರ್ಮಸ್ಥಾನ ಹಿಡಿದರು, ಅವನು ಅಲ್ಲಾಡಲಾಗಲಿಲ್ಲ. ಗಸ್ತಿನ ಪೊಲೀಸ್ ಬಂದು ಕರೆದೊಯ್ದ. ಬೇರೆಯವರಾಗಿದ್ದರೆ ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಿದ್ದರು. ಫುನಾಕೋಶಿಗೆ ನಾಚಿಕೆಯಾಯಿತು. ಪಾಪ, ಯುದ್ಧದಿಂದ ಮರಳಿ ಗತಿಯಿಲ್ಲದೆ ಇದಕ್ಕೆ ಇಳಿದ ಸೈನಿಕನಿರಬೇಕು, ಶಿಷ್ಯರಿಗೆ ಮಾಡಬೇಡಿ ಎಂದದ್ದನ್ನು ತಾನೇ ಮಾಡಿದೆನಲ್ಲ ಎಂದು ಅವರು ಕೊರಗಿದರು.

ಕುಮಿಟೆ, ಅಂದರೆ ಇಬ್ಬರು ಎದುರುಬದುರಾಗಿ ಮಾಡುವ ಹೋರಾಟದ ವಿಷಯದಲ್ಲಿ ಅವರಿಗೂ ಯುವಕರಿಗೂ ಒಮ್ಮತ ಇರಲಿಲ್ಲ. ಕಟಾ ಸಾಕಾಗಿ ಬಿಡುಹೋರಾಟಕ್ಕೆ ಇಳಿದ ಹುಡುಗರನ್ನು ಅವರು ಮೆಚ್ಚಲಿಲ್ಲ. 1920ರ ದಶಕದ ಕೊನೆಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕ್ಲಬ್ಬಿನಲ್ಲಿ ಕವಚ ತೊಟ್ಟು ಹೊಡೆದಾಡಲು ಶುರು ಮಾಡಿದಾಗ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಗೆಲ್ಲಲೇಬೇಕೆಂಬ ಹಟ ಬಂದ ಮೇಲೆ ಕೈ ಹದ ತಪ್ಪುತ್ತದೆ ಎಂಬುದು ಅವರ ಭಯ.

ಯುದ್ಧ, ಬೂದಿ, ಒಡಕು

ಫುನಾಕೋಶಿ ಕವಿತೆಯನ್ನೂ ಬರೆಯುತ್ತಿದ್ದರು. ಶೊಟೊ ಎಂಬುದು ಅವರ ಕಾವ್ಯನಾಮ, ಪೈನ್ ಮರಗಳ ನಡುವೆ ಗಾಳಿ ಎಬ್ಬಿಸುವ ಅಲೆ ಎಂದು ಅರ್ಥ. ಶುರಿಯ ಪೈನ್ ಕಾಡಿನಲ್ಲಿ ಒಬ್ಬರೇ ತಿರುಗಾಡಿದ ದಿನಗಳ ನೆನಪು ಅದು. 1930ರ ದಶಕದಲ್ಲಿ ಶಿಷ್ಯರು ಚಂದಾ ಎತ್ತಿ ಟೋಕಿಯೊದಲ್ಲಿ ಒಂದು ಡೋಜೊ ಕಟ್ಟಿಸಿ ಬಾಗಿಲಿಗೆ ಶೊಟೊಕಾನ್, ಅಂದರೆ ಶೊಟೊ ಅವರ ಮನೆ ಎಂಬ ಫಲಕ ಹಾಕಿದರು. ಇಂದು ಲೋಕವೆಲ್ಲ ಹರಡಿದ ಪಂಥದ ಹೆಸರು ಇದೇ. ಅವರು ತಾವಾಗಿ ಒಂದು ಪಂಥ ಕಟ್ಟಬೇಕೆಂದು ಹೊರಟವರಲ್ಲ. ಕರಾಟೆ ಎಲ್ಲ ಒಂದೇ ಎಂದು ಕೊನೆಯವರೆಗೂ ನಂಬಿದ್ದರು.

1945 ಅವರ ಪಾಲಿಗೆ ಎಲ್ಲವನ್ನೂ ಕಿತ್ತುಕೊಂಡ ವರ್ಷ. ವಾಯುದಾಳಿಯಲ್ಲಿ ಶೊಟೊಕಾನ್ ಸುಟ್ಟು ಬೂದಿಯಾಯಿತು. ಅಪ್ಪನ ನಂತರ ಡೋಜೊ ನಡೆಸಬೇಕಾಗಿದ್ದ ಮಗ ಗಿಗೊ ಕ್ಷಯರೋಗದಿಂದ ತೀರಿಕೊಂಡ. ಒಕಿನಾವಾದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಯುದ್ಧದಲ್ಲಿ ದ್ವೀಪದ ಜನರಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಜೀವ ಹೋಯಿತು ಎಂಬ ಅಂದಾಜು ಉಂಟು. ಅವರು ಯುವರಾಜನ ಮುಂದೆ ಕಟಾ ತೋರಿಸಿದ್ದ ಶುರಿ ಅರಮನೆ ನೆಲಸಮವಾಯಿತು. ಹೆಂಡತಿ ಹೇಗೋ ಪಾರಾಗಿ ಕ್ಯುಶು ದ್ವೀಪದ ಒಯಿಟಾಕ್ಕೆ ನಿರಾಶ್ರಿತರಾಗಿ ಬಂದರು. ಫುನಾಕೋಶಿ ಅಲ್ಲಿಗೆ ಹೋದರು. ಎರಡು ದಶಕಕ್ಕೂ ಹೆಚ್ಚು ಕಾಲ ದೂರವಿದ್ದ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಬಡತನದ ಆ ಸ್ವಲ್ಪ ಕಾಲ ಮಾತ್ರ. 1947ರಲ್ಲಿ ಆಕೆ ಕಣ್ಣು ಮುಚ್ಚಿದರು.

ಟೋಕಿಯೊಗೆ ಮರಳಿದಾಗ ಅವರಿಗೆ 80ರ ಹತ್ತಿರ. ಉಳಿದ ಶಿಷ್ಯರು ಮತ್ತೆ ಸುತ್ತ ಸೇರಿದರು. 1949ರಲ್ಲಿ ಜಪಾನ್ ಕರಾಟೆ ಅಸೋಸಿಯೇಷನ್ ಹುಟ್ಟಿತು, ಅವರನ್ನು ಗೌರವ ಮುಖ್ಯಸ್ಥರನ್ನಾಗಿ ಕೂರಿಸಿದರು. 1957ರ ಏಪ್ರಿಲ್ 26ರಂದು, 88ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಬೇಸರದ ಸಂಗತಿ ಏನೆಂದರೆ, ಅಂತ್ಯಸಂಸ್ಕಾರ ಯಾರು ನಡೆಸಬೇಕು ಎಂಬ ಮಾತಿನಲ್ಲೇ ಶಿಷ್ಯರು ಎರಡಾದರು. ಒಂದು ಕಡೆ ಶೊಟೊಕಾಯ್ ಬಳಗ, ಇನ್ನೊಂದು ಕಡೆ ಅಸೋಸಿಯೇಷನ್. ಕೆಲವು ಬಳಗಗಳು ಬರಲೇ ಇಲ್ಲ. ಮರ್ಯಾದೆಯಿಂದ ಶುರುವಾಗಿ ಮರ್ಯಾದೆಯಿಂದ ಮುಗಿಯಬೇಕು ಎಂದು ಕಲಿಸಿದವರ ಕೊನೆಯ ಕೂಟದಲ್ಲೇ ಅದು ಉಳಿಯಲಿಲ್ಲ. ಸಂಘ ಒಡೆಯುವುದು ನಮಗೂ ಹೊಸತಲ್ಲ. ಒಂದೇ ಊರಲ್ಲಿ ಎರಡು ಕಮಿಟಿ, ಎರಡು ಬ್ಯಾನರ್ ನಾವೂ ಕಂಡಿದ್ದೇವೆ. ಹೆಸರು ಯಾರದು ಎಂಬ ಜಗಳದಲ್ಲಿ ಕೆಲಸ ಯಾವುದು ಎಂಬುದು ಮರೆತುಹೋಗುತ್ತದೆ.

ಮಾಸ್ಟ್ರು ಬಿಟ್ಟು ಹೋದದ್ದು

ಅವರು ಹುಟ್ಟಿ 100 ವರ್ಷ ತುಂಬಿದ 1968ರಲ್ಲಿ ಕಾಮಾಕುರದಲ್ಲಿ ಒಂದು ಸ್ಮಾರಕ ಕಲ್ಲು ನಿಲ್ಲಿಸಿದರು. ಕೈ ಮೊದಲು ಏಳಬಾರದು ಎಂಬ ಅವರ ನಿಯಮವನ್ನೇ ಅದರಲ್ಲಿ ಕೆತ್ತಿದ್ದಾರೆ.

ಆ ಮಾತಿಗೆ ಎಷ್ಟು ತೂಕ ಉಂಟು ಎಂಬುದನ್ನು 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ನೋಡಿದವರು ಬಲ್ಲರು. ಕರಾಟೆ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಿತ್ತು. 75 ಕಿಲೊ ಮೇಲಿನವರ ಕುಮಿಟೆ ಫೈನಲ್‌ನಲ್ಲಿ ಸೌದಿಯ ತಾರೆಗ್ ಹಮೇದಿ ಇರಾನಿನ ಸಜ್ಜಾದ್ ಗಂಜ್‌ಜಾದೆಯ ವಿರುದ್ಧ 4-1ರಿಂದ ಮುಂದಿದ್ದರು. ಆಗ ಹಮೇದಿ ಬೀಸಿದ ಒದೆ ಹದ ಮೀರಿತು, ಸಜ್ಜಾದ್ ಪ್ರಜ್ಞೆ ತಪ್ಪಿ ಬಿದ್ದರು. ತೀರ್ಪುಗಾರರು ಕೊಟ್ಟದ್ದು ಹನ್ಸೊಕು, ಅಂದರೆ ನಿಯಮಭಂಗ, ಅನರ್ಹ. ಚಿನ್ನ ನೆಲಕ್ಕೆ ಬಿದ್ದವರಿಗೆ ಸಿಕ್ಕಿತು. ಹಮೇದಿ ಕಣ್ಣೀರಿಟ್ಟರು. ಅರಬಿ ಮಾತಾಡುವ ಒಬ್ಬರು, ಫಾರ್ಸಿ ಮಾತಾಡುವ ಒಬ್ಬರು, ನಡುವೆ ಒಂದು ಜಪಾನಿ ಪದ. ಅರ್ಥ ಇಬ್ಬರಿಗೂ ಗೊತ್ತಿತ್ತು. ಲೋಕದ ಕರಾಟೆಯವರೆಲ್ಲ ಒಂದೇ ಅಂಗಳದಲ್ಲಿ ಸೇರಲು ಇಂತಹ ಸಮಾನ ಮಾತುಗಳು ಬೇಕು. ಆ ಅನುಕೂಲ ಹುಟ್ಟಿದ್ದು ಹಾಸ್ಟೆಲ್ ಅಂಗಳ ಗುಡಿಸುತ್ತಾ ಪಾಠ ಹೇಳಿದ ಮಾಸ್ಟ್ರಂತಹವರಿಂದ.

ಅದೇ ಒಲಿಂಪಿಕ್ಸ್‌ನಲ್ಲಿ ಪುರುಷರ ಕಟಾ ಚಿನ್ನ ಗೆದ್ದವರು ರ್‍ಯೊ ಕಿಯುನಾ, ಒಕಿನಾವಾದ ಹುಡುಗ. ಫುನಾಕೋಶಿ ಟೋಕಿಯೊದ ಪ್ರದರ್ಶನಕ್ಕೆ ಬಂದು ಆಗ 99 ವರ್ಷ ಆಗಿತ್ತು.

ಹಾಗಾದರೆ ಹೆಸರು ಬದಲಿಸಿದ್ದರಿಂದ ದ್ವೀಪಕ್ಕೆ ಲಾಭವೋ ನಷ್ಟವೋ? ಎರಡೂ ಉಂಟು. ಟೋಕಿಯೊದ ಮಾತು ಆಡದೆ ಇದ್ದಿದ್ದರೆ ಆ ವಿದ್ಯೆ ದ್ವೀಪ ದಾಟಿ ಇಷ್ಟು ದೂರ ಬರುತ್ತಿತ್ತೇ ಎಂಬುದು ಸಂಶಯ. ಆದರೆ ಒಕಿನಾವಾದ ಭಾಷೆ ಅಳಿವಿನ ಅಂಚಿನಲ್ಲಿದೆ ಎಂದು ಯುನೆಸ್ಕೊ 2009ರಲ್ಲಿ ಪಟ್ಟಿ ಮಾಡಿತು. ಕರಾಟೆ ಉಳಿಯಿತು, ಅದನ್ನು ಹುಟ್ಟಿಸಿದವರ ಮಾತು ಸೊರಗಿತು. ಒಂದು ಸಮಾಧಾನ ಉಂಟು. ಟೋಕಿಯೊದಲ್ಲಿ ಬದಲಾದ ನೈಹಾಂಚಿ, ಪಸ್ಸಾಯ್, ಕುಶಾಂಕು ಎಂಬ ಹಳೆಯ ಹೆಸರುಗಳು ಒಕಿನಾವಾದ ಡೋಜೊಗಳಲ್ಲಿ ಇಂದಿಗೂ ನಡೆಯುತ್ತವೆ. ಊರಲ್ಲಿ ಇದ್ದವರು ಆಡುತ್ತಾ ಬಂದರು, ಹಾಗಾಗಿ ಉಳಿಯಿತು.

ಬ್ಯಾರಿ ಯುವಕರಿಗೂ ಯುವತಿಯರಿಗೂ ಈ ಕತೆ ಹೇಳುವುದು ಅಷ್ಟನ್ನೇ. ಹೊರಗೆ ಹೋಗಿ, ಹತ್ತು ಭಾಷೆ ಕಲಿಯಿರಿ, ನಮ್ಮ ವಿದ್ಯೆ, ನಮ್ಮ ಅಡುಗೆ, ನಮ್ಮ ಹಾಡುಗಳನ್ನು ಹೊರಗಿನವರಿಗೆ ತಿಳಿಯುವ ಮಾತಿನಲ್ಲೇ ಕೊಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕರಾಟೆ ಕ್ಲಾಸಿಗೆ ಹೋಗುವವರು ಕೂಗುವ ಪ್ರತಿ ಪದದ ಅರ್ಥವನ್ನು ಮಾಸ್ಟ್ರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಹಾಗೆಯೇ ಮನೆಗೆ ಬಂದ ಮೇಲೆ ಉಮ್ಮನ ಹತ್ತಿರ, ಅಜ್ಜಿಯ ಹತ್ತಿರ ಮನೆಮಾತಿನಲ್ಲೇ ಮಾತಾಡಿ. ಹಳೆಯ ಮಾತು ಕೇಳಿ ಬಂದರೆ ಅದನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ.